ಹಳೆಯ ಜೀಪಿಗೆ ಹಲ್ಲು ನೋಡುವುದು

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಮೊದಲು ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ. ಬಳಿಕ ಸುಳಿ ನೋಡುತ್ತಾನೆ, ಗೊರಸನ್ನೆತ್ತಿ ನೋಡುತ್ತಾನೆ, ಹೆಗಲಿನ ಮೇಲೆ ಕೈಯಾಡಿಸಿ ನೊಗದ ಗಾಯ ಹಳೆಯದೋ ಹೊಸದೋ ಎಂದು ತಿಳಿದುಕೊಳ್ಳುತ್ತಾನೆ. ಕಡೆಗೆ ಮೂಗುದಾರ ಹಿಡಿದು ಹತ್ತು ಹೆಜ್ಜೆ ನಡೆಯಿಸಿ, ನಡಿಗೆಯಲ್ಲಿ ಎಲ್ಲಿಯಾದರೂ ಕುಂಟುಂಟೋ ಎಂದು ಕಣ್ಣು ಕಿರಿದುಮಾಡಿ ನಿಲ್ಲುತ್ತಾನೆ. ಇಷ್ಟೆಲ್ಲ ಮುಗಿದ ಮೇಲೆಯೇ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆಯ ಮಾತು. ಅದೇ ಮನೆಯವರು ಹಲವು ಜೊತೆ ಎತ್ತುಗಳ ಬೆಲೆಯನ್ನು ಗಂಟುಕಟ್ಟಿಕೊಂಡು ಹಳೆಯ ಮೋಟಾರು ವಾಹನ ಕೊಳ್ಳಲು ಪೇಟೆಗೆ ಹೋದಾಗ ಮಾತ್ರ ನೋಡುವುದು ಬಣ್ಣವನ್ನು. ಕೇಳುವುದು ‘ಮೈಲೇಜು ಎಷ್ಟು ಕೊಡುತ್ತದೆ’ ಎಂಬ ಒಂದೇ ಪ್ರಶ್ನೆಯನ್ನು. ಅದಕ್ಕೆ ಮಾರುವವನು ಕೊಡುವ ಉತ್ತರವಂತೂ ಎಲ್ಲ ಊರುಗಳಲ್ಲಿಯೂ ಒಂದೇ.

ಇಂದು ಎಸ್‌ಯುವಿ ಎಂಬ ಮೂರಕ್ಷರದ ಹೆಸರಿನಿಂದ ಮೆರೆಯುವ ಎತ್ತರದ ವಾಹನಗಳನ್ನು ಮಲೆನಾಡಿನ ಹಿರಿಯರು ಈಗಲೂ ಜೀಪೆಂದೇ ಕರೆಯುತ್ತಾರೆ. ಅದು ತಪ್ಪೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ ಮೊದಲುಗೊಂಡು, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಕ್ಕಿ ತಯಾರಿಸಿದ ಆ ಗಿಡ್ಡ ವಾಹನವೇ ಈ ಕುಲದ ಮೂಲಪುರುಷ. ಯುದ್ಧಾನಂತರ ಮಹೀಂದ್ರ ಸಂಸ್ಥೆಯು ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಕಾಫಿತೋಟಗಳ ಕೆಸರು ದಾರಿಗೆ ಅದಕ್ಕಿಂತ ಒಪ್ಪುವ ವಾಹನ ಬೇರೊಂದಿರಲಿಲ್ಲ. ಅನಂತರ ೧೯೯೪ರಲ್ಲಿ ಟಾಟಾ ಸುಮೊ, ೧೯೯೮ರಲ್ಲಿ ಸಫಾರಿ, ೨೦೦೦ದಲ್ಲಿ ಬೊಲೆರೊ, ೨೦೦೨ರಲ್ಲಿ ಸ್ಕಾರ್ಪಿಯೊ, ಹೀಗೆ ಒಂದರ ಹಿಂದೊಂದು ಬಂದವು. ಹೊಸದಾಗಿ ಕೊಳ್ಳಲಾರದವರ ಪಾಲಿಗೆ ಇವೆಲ್ಲವೂ ಐದು, ಹತ್ತು ವರ್ಷಗಳ ಬಳಿಕ ಅರ್ಧ ಬೆಲೆಗೆ ಸಿಕ್ಕುವ ಆಸೆಯಾಗಿ ಪರಿಣಮಿಸುತ್ತವೆ. ಆ ಆಸೆಯ ಜೊತೆಗೆ ಏನೇನು ಬರುತ್ತದೆ ಎಂಬುದನ್ನು ಮೂಡಿಗೆರೆಯ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಪ್ರಸಂಗದಿಂದ ತಿಳಿಯಬಹುದು.

ಮೇಷ್ಟರ ಮನೆ ಡಾಂಬರು ರಸ್ತೆಯಿಂದ ನಾಲ್ಕು ಕಿಲೋಮೀಟರು ಒಳಗೆ. ಮೂರೆಕರೆ ಕಾಫಿ, ಒಂದಿಷ್ಟು ಮೆಣಸು, ನಡುವೆ ಎರಡು ಹಳ್ಳ. ಮನೆಯಲ್ಲಿದ್ದ ಚಿಕ್ಕ ಕಾರು ಬೇಸಗೆಯಲ್ಲಿ ಮಾತ್ರ ಕಾರು. ಆಷಾಢ ಹಿಡಿಯಿತೆಂದರೆ ಅದು ಕೊಟ್ಟಿಗೆಯ ಅಲಂಕಾರ. ಹಿಂದಿನ ಮಳೆಗಾಲದ ಒಂದು ರಾತ್ರಿ ಮೇಷ್ಟರ ಹೆಂಡತಿಗೆ ಎದೆನೋವು ಕಾಣಿಸಿಕೊಂಡಿತು. ಕಾರು ಎರಡನೆಯ ಹಳ್ಳದ ಏರಿನಲ್ಲಿ ಹೂತು ನಿಂತಿತು. ಆಕೆಯನ್ನು ಕುರ್ಚಿಯ ಮೇಲೆ ಕೂರಿಸಿ, ನೆರೆಯ ನಾಲ್ವರು ಹೊತ್ತುಕೊಂಡು ರಸ್ತೆಗೆ ತರಬೇಕಾಯಿತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿಯಿಳಿದು ಮಂಗಳೂರಿನ ಹೃದ್ರೋಗ ತಜ್ಞರ ಬಳಿಗೆ ಹೋಗಿಬರುವುದು ಅಂದಿನಿಂದ ನಿಯಮವಾಯಿತು. ನಾಲ್ಕೂ ಚಕ್ರ ಎಳೆಯುವ ಒಂದು ಜೀಪು ಬೇಕೇ ಬೇಕೆಂದು ಮೇಷ್ಟರು ನಿಶ್ಚಯಿಸಿದರು. ನಿವೃತ್ತಿಯ ಗಂಟಿನಿಂದ ಇದಕ್ಕೆಂದು ತೆಗೆದಿರಿಸಿದ್ದು ಆರೂವರೆ ಲಕ್ಷ ರೂಪಾಯಿ. ಅದರ ಮೇಲೆ ಒಂದು ಕಾಸೂ ಇಲ್ಲ.

ಜೊತೆಗೆ ಬರಲು ಒಪ್ಪಿದವರು ಒಬ್ಬ ಮೇಸ್ತ್ರಿ. ನಲವತ್ತು ವರ್ಷ ಎಸ್ಟೇಟೊಂದರ ಜೀಪುಗಳನ್ನು ಬಿಚ್ಚಿ ಜೋಡಿಸಿದ ಕೈ. ಓದಿದ್ದು ಏಳನೆಯ ತರಗತಿ. ಅದೂ ಇದೇ ಮೇಷ್ಟರ ಶಾಲೆಯಲ್ಲಿ. ಅವರು ಹಾಕಿದ ಷರತ್ತು ಒಂದೇ: “ನಾನು ಬೇಡ ಅಂದರೆ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅಲ್ಲೇ ನಿಂತು ಕೇಳಬಾರದು.” ಗುರುವು ಶಿಷ್ಯನಿಗೆ ತಲೆಬಾಗಿದರು.

ಮೊದಲನೆಯ ವಾಹನ ಮಂಗಳೂರಿನದು. ಎಂಟು ವರ್ಷದ್ದು. ಹಾಲಿನಂತಹ ಬಿಳಿ, ಮೈಮೇಲೆ ಒಂದು ಗೀರಿಲ್ಲ, ಒಳಗೆ ಮಲ್ಲಿಗೆಯ ಪರಿಮಳ. ಕೇಳಿದ ಬೆಲೆಯೋ ಬರಿಯ ನಾಲ್ಕು ಲಕ್ಷದ ತೊಂಬತ್ತು ಸಾವಿರ. ಮೇಷ್ಟರ ಮುಖ ಅರಳಿತು. ಮೇಸ್ತ್ರಿ ಮಾತನಾಡದೆ ಹೋಗಿ ಬಾನೆಟ್ಟಿನ ಮೇಲೆ ಅಂಗೈಯಿಟ್ಟರು. ಬೆಳಗಿನ ಏಳು ಗಂಟೆ; ಬಾನೆಟ್ಟು ಬೆಚ್ಚಗಿತ್ತು.

ಇದರ ಅರ್ಥ ಗೊತ್ತಿರಬೇಕಾದುದು ಅವಶ್ಯ. ಡೀಸೆಲ್ ಎಂಜಿನ್ನಿನ ನಿಜವಾದ ಆರೋಗ್ಯ ತಿಳಿಯುವುದು ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆ ಮೊದಲ ಬಾರಿಗೆ ಎಬ್ಬಿಸುವಾಗ. ಸವೆದ ಎಂಜಿನ್ನು ಎದ್ದೇಳಲು ತಿಣುಕುತ್ತದೆ, ನಡುಗುತ್ತದೆ, ಹೊಗೆಯುಗುಳುತ್ತದೆ. ಒಮ್ಮೆ ಕಾಯಿತೆಂದರೆ ಅದೇ ಎಂಜಿನ್ನು ಸಾಧುವಿನಂತೆ ವರ್ತಿಸುತ್ತದೆ. ಆದಕಾರಣ ಕೊಳ್ಳುವವನು ಬರುವ ಮುಂಚೆಯೇ ಎಂಜಿನ್ನನ್ನು ಕಾಯಿಸಿಡುವುದು ಮಾರುವವರ ಹಳೆಯ ಉಪಾಯ. ಎಲ್ಲರೂ ಮೋಸಕ್ಕಾಗಿಯೇ ಹಾಗೆ ಮಾಡುತ್ತಾರೆಂದಲ್ಲ. ಕೆಲವರು ಗೇಟಿನ ಬಳಿಗೆ ತಂದು ನಿಲ್ಲಿಸಿರುವುದೂ ಉಂಟು. ಆದರೆ ಬೆಚ್ಚಗಿನ ಬಾನೆಟ್ಟು ಕಂಡ ಮೇಲೆ ಕೊಳ್ಳುವವನು ಮತ್ತೊಂದು ಬೆಳಿಗ್ಗೆ ಬರತಕ್ಕದ್ದು.

ಮತ್ತೊಂದು ಬೆಳಗಿನ ಅಗತ್ಯ ಬೀಳಲಿಲ್ಲ. ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು ವಾಹನದ ಅಡಿಗೆ ನುಸುಳಿದರು. ಅಡಿಭಾಗವೆಲ್ಲ ಹೊಚ್ಚಹೊಸ ಕಪ್ಪು ಬಣ್ಣ. ಮೇಲ್ಭಾಗಕ್ಕೆ ಬಣ್ಣ ಹೊಡೆಯುವುದು ಸಹಜ; ಯಾರೂ ನೋಡದ ಅಡಿಭಾಗಕ್ಕೆ ಮಾರುವ ವಾರದಲ್ಲಿ ಬಣ್ಣ ಹೊಡೆಯುವವನಿಗೆ ಏನೋ ಕಾರಣವಿರಲೇಬೇಕು. ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿಯನ್ನು ತಟ್ಟುತ್ತ ಹೋದರು. ಮುಂದೆಲ್ಲ ‘ಟಣ್’ ಎಂದಿತು. ಹಿಂಬದಿಯ ಚಕ್ರದ ಮೇಲ್ಗಡೆ, ಅಡಿಯ ಪಟ್ಟಿ ಬಾಗಿ ಏರುವ ಜಾಗದಲ್ಲಿ, ‘ಡಬ್’ ಎಂದಿತು. ಸ್ಕ್ರೂಡ್ರೈವರನ್ನು ತಿರುಗಿಸಿ ಮೊನೆಯಿಂದ ಮೆಲ್ಲನೆ ಒತ್ತಿದಾಗ ಕಪ್ಪು ಬಣ್ಣದ ಜೊತೆಯಲ್ಲಿಯೇ ಬೆರಳಗಲದ ಕೆಂಪು ಹುಡಿ ಉದುರಿತು. ಮೇಸ್ತ್ರಿ ಹೊರಗೆ ಬಂದು ಗೋಣಿಚೀಲ ಕೊಡವಿ, “ಬನ್ನಿ ಮೇಷ್ಟ್ರೇ, ತಿಂಡಿ ತಿನ್ನೋಣ” ಎಂದರು. ‘ಬೇಡ’ ಎಂಬುದಕ್ಕೆ ಅವರ ಭಾಷೆಯಲ್ಲಿ ಅದು ಸಭ್ಯವಾದ ಪರ್ಯಾಯಪದ.

ಸುಮೊ, ಸ್ಕಾರ್ಪಿಯೊ, ಬೊಲೆರೊ, ಫಾರ್ಚೂನರ್ ಮುಂತಾದ ವಾಹನಗಳಿಗೆ ಏಣಿಯ ಆಕಾರದ ಉಕ್ಕಿನ ಚಾಸಿಯೊಂದು ಬೆನ್ನೆಲುಬಾಗಿರುತ್ತದೆ. ಎಂಜಿನ್ನು, ಚಕ್ರ, ಮೇಲಿನ ಪೆಟ್ಟಿಗೆ ಎಲ್ಲವೂ ಅದಕ್ಕೆ ಬಿಗಿಯಲ್ಪಟ್ಟಿರುತ್ತವೆ. ಡಸ್ಟರ್, ಕ್ರೆಟಾಗಳಂತಹ ವಾಹನಗಳಲ್ಲಿ ಈ ಏಣಿಯಿಲ್ಲ, ಪೆಟ್ಟಿಗೆಯೇ ಬೆನ್ನೆಲುಬು. ಏಣಿಯುಳ್ಳ ವಾಹನದಲ್ಲಿ ಬಾಗಿಲಿಗೆ ತುಕ್ಕು ಹಿಡಿದರೆ ಅದು ಚರ್ಮರೋಗ. ಚಾಸಿಗೆ ಹಿಡಿದರೆ ಕ್ಷಯ. ಕಡಲ ಗಾಳಿಯ ಉಪ್ಪು, ಟೊಳ್ಳು ಪಟ್ಟಿಯ ಒಳಗೆ ಸೇರಿ ಒಣಗದೆ ನಿಂತ ಕೆಸರು, ಇವು ಒಳಗಿನಿಂದಲೇ ಅದನ್ನು ತಿನ್ನುತ್ತವೆ. ಹೊರಗಿನಿಂದ ಬೆಸುಗೆ ಹಾಕಿಸಿಕೊಳ್ಳಬಹುದೆಂದು ಮಾರುವವರು ಧೈರ್ಯ ಹೇಳಿದರು. ಬೆಸುಗೆ ಹಿಡಿಯಲು ಗಟ್ಟಿ ಲೋಹ ಬೇಕು. ಹಪ್ಪಳದಂತಾದ ತಗಡಿಗೆ ಹಾಕಿದ ತೇಪೆ ಅದರ ಪಕ್ಕದಲ್ಲಿಯೇ ಕಿತ್ತು ಬರುತ್ತದೆ. ಇದು ಕಂಪೆನಿಯ ಹೆಸರಿನಿಂದ ಮರೆಮಾಡಬಹುದಾದ ದೋಷವೂ ಅಲ್ಲ. ಗಟ್ಟಿತನಕ್ಕೆ ಜಗತ್ಪ್ರಸಿದ್ಧವಾದ ಟೊಯೋಟಾ ಸಂಸ್ಥೆಯು ತನ್ನ ಟಕೋಮ, ಟಂಡ್ರ ಮತ್ತು ಸಿಕೋಯ ವಾಹನಗಳ ಚಾಸಿಗಳು ಅಕಾಲದಲ್ಲಿ ತುಕ್ಕು ಹಿಡಿದುವೆಂಬ ವ್ಯಾಜ್ಯದಲ್ಲಿ ೨೦೧೬ರಲ್ಲಿ ಅಮೆರಿಕದಲ್ಲಿ ರಾಜಿಗೆ ಒಪ್ಪಿತು. ೩೪೦ ಕೋಟಿ ಡಾಲರುಗಳವರೆಗೆ ವೆಚ್ಚ ತಗಲಬಹುದಾದ ರಾಜಿ ಅದು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಅಲ್ಲಿ ಮಾಡುವ ಕೆಲಸವನ್ನೇ ಇಲ್ಲಿ ಕರಾವಳಿಯ ಗಾಳಿ ನಿಧಾನವಾಗಿ ಮಾಡುತ್ತದೆ.

ಎರಡನೆಯದನ್ನು ಹುಡುಕಿದವನು ಬೆಂಗಳೂರಿನಲ್ಲಿದ್ದ ಮಗ. ೨೦೧೯ರ ವಾಹನ, ಓಡಿದ್ದು ೪೧,೦೦೦ ಕಿಲೋಮೀಟರು ಎಂದು ಮೀಟರು ಹೇಳುತ್ತಿತ್ತು. ಮೇಸ್ತ್ರಿ ಮೀಟರನ್ನು ನೋಡಲೇ ಇಲ್ಲ. ಬ್ರೇಕಿನ ಪೆಡಲನ್ನು ನೋಡಿದರು. ಅದರ ರಬ್ಬರು ಸವೆದಿರಲಿಲ್ಲ. ಅಷ್ಟರ ಮಟ್ಟಿಗೆ ಮೀಟರು ಸುಳ್ಳಲ್ಲ. ಬಳಿಕ ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೆ ಹೊರಗೆಳೆದರು. ಯಾರೂ ಎಂದೂ ಪೂರ್ತಿ ಎಳೆಯದ ಆ ಪಟ್ಟಿಯ ಬುಡದಲ್ಲಿ ಒಂದು ಕಂದು ಗೆರೆ. ಸೀಟಿನ ಕೆಳಗಿನ ಕಬ್ಬಿಣದ ಹಳಿಗಳ ಮೂಲೆಯಲ್ಲಿ ನಯವಾದ ಒಣ ಮಣ್ಣು. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬಡಾವಣೆಗಳು ನೀರಿನಲ್ಲಿ ಮುಳುಗಿದಾಗ ಈ ವಾಹನವೂ ಮುಳುಗಿತ್ತು. ಚೆನ್ನೈಯಲ್ಲಿ ೨೦೧೫ರಲ್ಲಿ, ಕೇರಳ ಮತ್ತು ಕೊಡಗುಗಳಲ್ಲಿ ೨೦೧೮ರಲ್ಲಿ ನೆರೆ ಬಂದುದನ್ನು ನೆನೆದರೆ, ಇಂತಹ ವಾಹನಗಳು ಯಾವ ಊರಿನಲ್ಲಿಯೂ ಎದುರಾಗಬಹುದೆಂದು ತಿಳಿಯಬೇಕು. ಮುಳುಗಿದ ಎಂಜಿನ್ನನ್ನು ಬಿಚ್ಚಿ ತೊಳೆಯಬಹುದು. ತಂತಿಗಳ ಕೂಡುಗಳಲ್ಲಿ ಹಸುರು ಕಿಲುಬು ಹಿಡಿದು, ಒಂದು ದಿನ ದೀಪ, ಇನ್ನೊಂದು ದಿನ ಸ್ಟಾರ್ಟರು, ಮತ್ತೊಂದು ದಿನ ನಡುರಸ್ತೆಯಲ್ಲಿ ಎಂಜಿನ್ನೇ ನಿಂತುಬಿಡುವ ರೋಗಕ್ಕೆ ಮಾತ್ರ ಮದ್ದಿಲ್ಲ.

ಹಾಗಾದರೆ ೨೦೨೦ರ ಈಚಿನದನ್ನೇ ಕೊಳ್ಳೋಣ, ಸಾಲ ತಾನು ಕಟ್ಟುತ್ತೇನೆ ಎಂದು ಮಗ ಹೇಳಿದ. ಮಾತು ನ್ಯಾಯವಾದದ್ದೇ. ಆದರೆ ಮೇಸ್ತ್ರಿ ತಲೆಯಲ್ಲಾಡಿಸಿದರು. ಆ ವರ್ಷದ ಏಪ್ರಿಲಿನಿಂದ ಜಾರಿಗೆ ಬಂದ ಭಾರತ್ ಸ್ಟೇಜ್ ೬ರ ನಿಯಮದಿಂದಾಗಿ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಜರಡಿಯಿರುತ್ತದೆ. ವಾಹನ ಹೆದ್ದಾರಿಯಲ್ಲಿ ಒಂದೇ ಸಮನೆ ಸಾಕಷ್ಟು ಹೊತ್ತು ಓಡಿದಾಗ ಜರಡಿ ಕಾದು, ಹಿಡಿದ ಮಸಿ ಸುಟ್ಟು ಬೂದಿಯಾಗುತ್ತದೆ. ದಿನವೂ ತೋಟದಿಂದ ಪೇಟೆಗೆ ಎರಡನೆಯ ಗೇರಿನಲ್ಲಿ ನಾಲ್ಕೈದು ಕಿಲೋಮೀಟರು ತೆವಳುವ ವಾಹನದಲ್ಲಿ ಅದು ಸುಡುವುದೆಂದು? ಮಸಿ ಕಟ್ಟಿ, ಎಚ್ಚರಿಕೆಯ ದೀಪ ಹೊತ್ತಿ, ಎಂಜಿನ್ನಿನ ಬಲ ಕುಗ್ಗುತ್ತದೆ. ಊರೂರು ಸುತ್ತುವವನಿಗೆ ತೊಂದರೆ ಕೊಡದ ಯಂತ್ರ ಮನೆ ಬಿಟ್ಟು ಹೋಗದವನಿಗೆ ಹೊರೆಯಾಗಬಹುದು. ಎಲ್ಲ ಹೊಸತೂ ಎಲ್ಲರಿಗೂ ಒಳ್ಳೆಯದೆಂಬ ಎಣಿಕೆ ಯಂತ್ರದ ವಿಷಯದಲ್ಲಿ ನಡೆಯದು.

ಮೂರನೆಯದು ಹಾಸನದ ಗುತ್ತಿಗೆದಾರರೊಬ್ಬರ ಮನೆಯಂಗಳದಲ್ಲಿತ್ತು. ೨೦೧೪ರದು, ಓಡಿದ್ದು ೧,೬೦,೦೦೦ ಕಿಲೋಮೀಟರು. ನೋಡಿದೊಡನೆ ಮೇಷ್ಟರಿಗೆ ಜುಗುಪ್ಸೆಯಾಯಿತು. ಹಿಂಬಾಗಿಲಿನಲ್ಲಿ ನೆಗ್ಗು, ಸೀಟಿನ ಹೊಲಿಗೆ ಬಿಚ್ಚಿ ಸ್ಪಂಜು ಇಣುಕುತ್ತಿತ್ತು, ಒಳಗೆಲ್ಲ ಸಿಮೆಂಟಿನ ಧೂಳು. ಕೇಳಿದ ಬೆಲೆ ಆರು ಲಕ್ಷದ ಇಪ್ಪತ್ತೈದು ಸಾವಿರ. ಆದರೆ ಬಾನೆಟ್ಟು ತಣ್ಣಗಿತ್ತು.

ಮೇಸ್ತ್ರಿ ಕೀಲಿ ತಿರುಗಿಸಿ, ಎಂಜಿನ್ನಿನೊಳಗಿನ ಕಾವುಕಡ್ಡಿಗಳ ದೀಪ ಆರುವವರೆಗೆ ಕಾದು ಸ್ಟಾರ್ಟು ಮಾಡಿದರು. ಎರಡು ಸುತ್ತಿಗೆ ಎಂಜಿನ್ನು ಎದ್ದಿತು. ಹಿಂದೆ ಬಿಳಿಯ ಹೊಗೆ ಒಂದು ಮೋಡದಷ್ಟು ಬಂದು, ಅರ್ಧ ನಿಮಿಷದಲ್ಲಿ ತಿಳಿಯಾಯಿತು. ಚಳಿಯ ಬೆಳಗಿನಲ್ಲಿ ಇಷ್ಟು ಕ್ಷಮ್ಯ. ಬಿಳಿ ಹೊಗೆ ಕಾದ ಮೇಲೂ ನಿಲ್ಲದೆ, ಸಿಹಿಯಾದ ವಾಸನೆ ಬಂದರೆ ತಂಪುನೀರು ಎಂಜಿನ್ನಿನೊಳಗೆ ಸೋರುತ್ತಿದೆಯೆಂದು ಅರ್ಥ. ಕಪ್ಪು ಹೊಗೆ ಪೂರ್ತಿ ಉರಿಯದ ಎಣ್ಣೆ: ಗಾಳಿಯ ಫಿಲ್ಟರು ಕಟ್ಟಿರಬಹುದು, ಇಂಜೆಕ್ಟರು ಕೆಟ್ಟಿರಬಹುದು. ನೀಲಿ ಹೊಗೆ ಎಂಜಿನ್ನಿನ ಆಯಿಲೇ ಉರಿಯುತ್ತಿರುವ ಗುರುತು. ಟರ್ಬೊ ಅಥವಾ ಪಿಸ್ಟನ್ನಿನ ಬಳೆಗಳು ಸವೆದಿವೆ. ನೀಲಿ ಕಂಡರೆ ಮೇಸ್ತ್ರಿ ಆಗಲೇ ತಿಂಡಿಗೆ ಕರೆಯುತ್ತಿದ್ದರು.

ಬಳಿಕ ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳವನ್ನು ತಿರುಗಿಸಿ ತೆಗೆದು, ಅದೇ ಬಾಯಿಯ ಮೇಲೆ ಬೋರಲಾಗಿ ಇಟ್ಟರು. ಮುಚ್ಚಳ ಸಣ್ಣಗೆ ನಡುಗಿತೇ ಹೊರತು ಹಾರಿಬೀಳಲಿಲ್ಲ. ಒಳಗಿನಿಂದ ರೈಲಿನಂತೆ ಹೊಗೆಯೂ ಬುಸುಗುಟ್ಟಲಿಲ್ಲ. ಪಿಸ್ಟನ್ನಿನ ಬಳೆಗಳು ಉರಿಯ ಒತ್ತಡವನ್ನು ತಡೆಹಿಡಿದಿವೆಯೆಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆಯಿಲ್ಲ. ಎಂಜಿನ್ನು ಆರಿದ ಮೇಲೆ ತಂಪುನೀರಿನ ಡಬ್ಬಿ ನೋಡಿದರು, ಆಯಿಲಿನ ಜಿಡ್ಡಿಲ್ಲ. ಆಯಿಲಿನ ಕಡ್ಡಿ ನೋಡಿದರು, ಮಜ್ಜಿಗೆಯಂತಹ ನೊರೆಯಿಲ್ಲ. ಚಾಸಿಯನ್ನು ಉದ್ದಕ್ಕೂ ತಟ್ಟಿದರು. ಎಲ್ಲ ಕಡೆಯೂ ‘ಟಣ್’. ಮೇಲೆ ಒಣ ಕೆಸರು, ಕೆಸರಿನ ಕೆಳಗೆ ಕಾರ್ಖಾನೆಯ ಬಣ್ಣ.

ಓಡಿಸಿದಾಗ ಮಾತ್ರ ದೋಷಗಳ ಮೇಳವೇ ಎದ್ದಿತು. ಹಳ್ಳ ದಾಟಿದಾಗಲೆಲ್ಲ ಮುಂದಿನ ಎಡಚಕ್ರದ ಬಳಿ ‘ಕಟಕ್’. ಬ್ರೇಕು ಒತ್ತಿದರೆ ಪೆಡಲು ಕಾಲನ್ನು ಹಿಂದಕ್ಕೆ ತಳ್ಳಿ ತಳ್ಳಿ ಬಿಡುತ್ತಿತ್ತು. ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಒಮ್ಮೆಲೆ ಆಕ್ಸಿಲರೇಟರು ಒತ್ತಿದಾಗ ಎಂಜಿನ್ನಿನ ಸದ್ದು ಮುಂದೋಡಿತು, ವಾಹನ ಹಿಂದುಳಿಯಿತು, ಕ್ಲಚ್ಚು ಜಾರುತ್ತಿತ್ತು. ಎ.ಸಿ.ಯಲ್ಲಿ ಬರುತ್ತಿದ್ದುದು ತಂಪಲ್ಲ, ಬರಿಯ ಗಾಳಿ. ಟೈರಿನ ಪಕ್ಕದಲ್ಲಿ ೩೧೧೬ ಎಂದು ಅಚ್ಚಾಗಿತ್ತು: ೨೦೧೬ನೆಯ ವರ್ಷದ ೩೧ನೆಯ ವಾರದಲ್ಲಿ ಹುಟ್ಟಿದ್ದು. ಪಟ್ಟೆ ಇನ್ನೂ ಆಳವಾಗಿದ್ದರೂ ರಬ್ಬರು ಬಿರುಕು ಬಿಟ್ಟಿತ್ತು. ಎತ್ತರದ ವಾಹನಕ್ಕೆ ಟೈರು ಒಡೆಯುವುದು ಚಿಕ್ಕ ಕಾರಿಗೆ ಒಡೆದಂತಲ್ಲ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳ ಫೈರ್‌ಸ್ಟೋನ್ ಟೈರುಗಳ ಪಟ್ಟೆ ಕಳಚಿಕೊಂಡು, ವಾಹನಗಳು ಮಗುಚಿ ಹಲವು ಮಂದಿ ಸತ್ತುದರಿಂದ ೨೦೦೦ದ ಆಗಸ್ಟಿನಲ್ಲಿ ೬೫ ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು.

ಉಳಿದಿದ್ದುದು ಮುಖ್ಯವಾದ ಪರೀಕ್ಷೆ. ನಾಲ್ಕು ಚಕ್ರಗಳ ಎಳೆತವನ್ನು ಡಾಂಬರಿನ ಮೇಲೆ ಪರೀಕ್ಷಿಸಕೂಡದು. ಇಂತಹ ವಾಹನಗಳಲ್ಲಿ ಆ ಸನ್ನೆಯನ್ನು ಹಾಕಿದೊಡನೆ ಮುಂದಿನ ಹಿಂದಿನ ದಂಡಗಳು ಒಂದಕ್ಕೊಂದು ಬಿಗಿಯಲ್ಪಟ್ಟು ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಸಾಗಬೇಕು. ಸಡಿಲ ನೆಲದಲ್ಲಿ ಆ ವ್ಯತ್ಯಾಸ ಜಾರಿ ಕಳೆಯುತ್ತದೆ, ಗಟ್ಟಿ ನೆಲದಲ್ಲಿ ಹಲ್ಲುಗಳ ಮೇಲೆ ಬೀಳುತ್ತದೆ. ಮೇಸ್ತ್ರಿ ಒಂದು ಕೆರೆಯ ಏರಿಯ ಮಗ್ಗುಲಿನ ಜಲ್ಲಿಯ ದಾರಿಗೆ ಇಳಿಸಿ ಸನ್ನೆ ಎಳೆದರು. ಅದು ಅಲ್ಲಾಡಲಿಲ್ಲ. ಮಾರುವವರು ನಕ್ಕು, ತಾವು ಅದನ್ನು ಮುಟ್ಟಿ ಆರು ವರ್ಷವಾಯಿತೆಂದು ಒಪ್ಪಿಕೊಂಡರು. ಇದೊಂದು ವಿಚಿತ್ರ. ಯಾವ ಗುಣಕ್ಕಾಗಿ ಹೆಚ್ಚು ಹಣ ತೆತ್ತು ಕೊಳ್ಳುತ್ತಾರೋ ಅದನ್ನೇ ಬಹುಪಾಲು ಜನ ಬಳಸದೆ ತುಕ್ಕು ಹಿಡಿಸುತ್ತಾರೆ. ಮೇಸ್ತ್ರಿ ಅಡಿಗೆ ಹೋಗಿ ಸನ್ನೆಯ ಕೀಲುಗಳಿಗೆ ಎಣ್ಣೆ ಬಿಟ್ಟು, ಇಪ್ಪತ್ತು ನಿಮಿಷ ಕಾದು ಮತ್ತೆ ಎಳೆದರು. ನಾಲ್ಕನೆಯ ಸಲಕ್ಕೆ ಸನ್ನೆ ಕೂತಿತು. ಹೊಸ ಮಣ್ಣಿನ ರಾಶಿಯ ಮೇಲೆ ಹತ್ತಿಸಿದಾಗ ಮುಂದಿನ ಚಕ್ರಗಳು ಮಣ್ಣು ಕೆದರಿ ಎಳೆದವು. ಹಲ್ಲುಗಳಲ್ಲಿ ಕಟಕಟೆಯಿಲ್ಲ, ಬಿಟ್ಟು ಬಿಟ್ಟು ಜಿಗಿಯುವುದಿಲ್ಲ.

ಮೇಷ್ಟರು ಅಷ್ಟರಲ್ಲಿ ನಿರಾಶರಾಗಿದ್ದರು. ಮಂಗಳೂರಿನ ವಾಹನಕ್ಕೆ ಒಂದೇ ದೋಷ, ಬೇಡವೆಂದಾಯಿತು; ಇದಕ್ಕೆ ಎಂಟು ದೋಷ, ಇನ್ನೇನು ಉಳಿಯಿತು? ಹೋಟೆಲಿನಲ್ಲಿ ಕೂತು ಮೇಸ್ತ್ರಿ ತಮ್ಮ ಗುರುವಿನ ಜೇಬಿನಿಂದಲೇ ಪೆನ್ನು ತೆಗೆದು ಬರೆಯಿಸಿದರು. ಕೀಲು, ಬುಷ್ಷುಗಳು: ಮೂವತ್ತೈದು ಸಾವಿರ. ಬ್ರೇಕಿನ ತಟ್ಟೆ, ಪ್ಯಾಡು, ಹೊಸ ಎಣ್ಣೆ: ಹನ್ನೆರಡು. ಕ್ಲಚ್ಚು: ಇಪ್ಪತ್ತೆಂಟು. ನಾಲ್ಕು ಟೈರು: ಮೂವತ್ತೆಂಟು. ಎ.ಸಿ. ಸದ್ಯ ಬೇಡ. ಒಟ್ಟು ಒಂದು ಲಕ್ಷದ ಹದಿಮೂರು ಸಾವಿರ.

“ಮೇಷ್ಟ್ರೇ, ಇವು ಎಂಟೂ ಬಾಯಿಬಿಟ್ಟು ಕೂಗಿಕೊಳ್ಳುವ ರೋಗಗಳು. ಅಂಗಡಿಗೆ ಹೋದರೆ ಸಾಮಾನು ಸಿಕ್ಕುತ್ತದೆ, ಹಾಕಿದರೆ ಮುಗಿಯಿತು. ಎಷ್ಟಕ್ಕೆ ಮುಗಿಯುತ್ತದೆ ಅಂತ ಇಲ್ಲೇ ಕೂತು ಹೇಳಬಹುದು. ಮಂಗಳೂರಿನದು ಕೂಗಲಿಲ್ಲ. ಅದು ಎಷ್ಟಕ್ಕೆ ಮುಗಿಯುತ್ತದೆ ಅಂತ ಮಾರಿದವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಮ್ಮನನ್ನು ಕೂರಿಸಿಕೊಂಡು ಘಾಟಿಯಲ್ಲಿ ಹೋಗುವಾಗ ಗೊತ್ತಾಗಬಾರದು.”

ದೋಷಗಳನ್ನು ಎಣಿಸುವುದು ಬೇರೆ, ತೂಗುವುದು ಬೇರೆ. ಪೇಟೆಯಲ್ಲಿ ಬೆಲೆ ಕಟ್ಟುವುದು ಮಾತ್ರ ಹೆಚ್ಚಾಗಿ ಎಣಿಕೆಯಿಂದ, ಅದೂ ಕಣ್ಣಿಗೆ ಕಿವಿಗೆ ಬೀಳುವವುಗಳ ಎಣಿಕೆಯಿಂದ. ಆದ್ದರಿಂದಲೇ ಸದ್ದು ಮಾಡುವ ವಾಹನ ತನ್ನ ಯೋಗ್ಯತೆಗಿಂತ ಅಗ್ಗಕ್ಕೂ, ಬಣ್ಣ ಬಳಿದ ಮೌನಿ ತನ್ನ ಯೋಗ್ಯತೆಗಿಂತ ದುಬಾರಿಗೂ ಬಿಕರಿಯಾಗುತ್ತವೆ. ಮೇಷ್ಟರು ಚೀಟಿಯನ್ನು ಗುತ್ತಿಗೆದಾರರ ಮುಂದಿಟ್ಟು ಓದಿದರು. ಪ್ರತಿ ಸಾಲಿಗೂ ಆತ ತಲೆದೂಗಬೇಕಾಯಿತು. ಐದು ಲಕ್ಷದ ಮೂವತ್ತು ಸಾವಿರಕ್ಕೆ ವ್ಯಾಪಾರ ಕುದುರಿತು. ಬ್ಯಾಂಕಿನ ಸಾಲ ತೀರಿದ ಪತ್ರ, ವಿಮೆ, ನೋಂದಣಿ, ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯ ನವೀಕರಣ, ಇವುಗಳ ವಿಚಾರವೇ ಬೇರೆ. ಅದನ್ನು ಮಗ ನೋಡಿಕೊಂಡ.

ಘಾಟಿಗಿಳಿಯುವ ಮುಂಚೆ ಮೇಸ್ತ್ರಿ ಬ್ರೇಕಿನ ಕೆಲಸವನ್ನು ಮುಗಿಸಿಯೇ ಬಿಟ್ಟರು. ಹಳೆಯ ಬ್ರೇಕೆಣ್ಣೆ ಕಾಫಿಯ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಈ ಎಣ್ಣೆ ವರ್ಷ ಕಳೆದಂತೆ ಗಾಳಿಯ ತೇವವನ್ನು ಹೀರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಕಾದಾಗ ಆ ನೀರು ಕುದಿದು ಆವಿಯಾಗುತ್ತದೆ. ಎಣ್ಣೆಯನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲು ನೆಲಕ್ಕೆ ತಾಗುತ್ತದೆ, ವಾಹನ ನಿಲ್ಲುವುದಿಲ್ಲ. ನಾನೂರು ರೂಪಾಯಿಯ ಒಂದು ಡಬ್ಬಿಯ ಅಲಕ್ಷ್ಯದಿಂದ ಇಷ್ಟಾಗಬಹುದು. ಹೊಸ ಎಣ್ಣೆಯೇ ಇದ್ದರೂ ಕೆಳ ಗೇರಿನಲ್ಲಿಯೇ ಇಳಿಯಬೇಕೆಂದು ಮೇಸ್ತ್ರಿ ಶಿಷ್ಯಭಾವ ಬಿಟ್ಟು ಗದರಿಸಿ ಹೇಳಿದರು.

ಮೊದಲ ಸಲ ಇಳಿಯುವಾಗ ಎಲ್ಲವೂ ಸುಗಮ. ತಜ್ಞರನ್ನು ಕಂಡು, ಉಜಿರೆಯಲ್ಲಿ ಊಟ ಮುಗಿಸಿ ಹಿಂದಿರುಗಿ ಏರತೊಡಗಿದಾಗ, ಅಣ್ಣಪ್ಪಸ್ವಾಮಿಯ ಗುಡಿ ತಲುಪುವ ಮೊದಲೇ ಉಷ್ಣದ ಮುಳ್ಳು ಮೇಲಕ್ಕೆ ಸರಿಯಿತು. ಒಂದು ಲಾರಿಯ ಹಿಂದೆ ನಿಧಾನವಾಗಿ ಏರುತ್ತಿದ್ದುದರಿಂದ ಮುಂದಿನಿಂದ ಬೀಸುವ ಗಾಳಿಯೂ ಇಲ್ಲ. ಮೇಷ್ಟರು ಅಗಲವಾದ ತಿರುವಿನಲ್ಲಿ ಬದಿಗೆ ನಿಲ್ಲಿಸಿದರು. ಎಂಜಿನ್ನಿನ ಕಾವನ್ನು ಒಳಕ್ಕೆಳೆದುಕೊಳ್ಳುವ ಹೀಟರನ್ನು ಪೂರ್ತಿ ಹಾಕಿ, ಮುಳ್ಳು ಇಳಿದ ಮೇಲೆ ಎಂಜಿನ್ನು ಆರಿಸಿದರು. ರೇಡಿಯೇಟರಿನ ಮುಚ್ಚಳವನ್ನು ಬಿಸಿಯಲ್ಲಿ ತೆರೆಯಬಾರದೆಂಬುದು ಅವರಿಗೆ ನೆನಪಿತ್ತು. ತೆರೆದಿದ್ದರೆ ಕುದಿನೀರು ಮುಖಕ್ಕೇ ಚಿಮ್ಮುತ್ತಿತ್ತು. ಮುಕ್ಕಾಲು ಗಂಟೆ ದಂಪತಿಗಳು ಮಂಜು ನೋಡುತ್ತ ಕೂತರು. ಫ್ಲಾಸ್ಕಿನಲ್ಲಿ ಕಾಫಿಯಿತ್ತು. ಆಕೆಗೆ ಗಾಬರಿಯಾಗಲಿಲ್ಲ, ಅವರಿಗೆ ಆಯಿತು.

ಮರುದಿನ ಮೇಸ್ತ್ರಿ ರೇಡಿಯೇಟರನ್ನು ಕಳಚಿ ಅಂಗಳದಲ್ಲಿ ಮಗುಚಿದಾಗ ಒಳಗಿನಿಂದ ಕೆಂಪು ರಾಡಿ ಸುರಿಯಿತು. ಅರ್ಧಕ್ಕಿಂತ ಹೆಚ್ಚು ಕೊಳವೆಗಳು ಕಟ್ಟಿದ್ದವು. ಹಾಸನದ ಸಮನೆಲದಲ್ಲಿ ಅರ್ಧ ಗಂಟೆ ಓಡಿಸಿದವರು ಒಂದು ಏರನ್ನಾದರೂ ಹತ್ತಿಸಿ ನೋಡಿರಲಿಲ್ಲ. ತಂಪುನೀರಿನ ಡಬ್ಬಿಯಲ್ಲಿ ಜಿಡ್ಡಿಲ್ಲವೆಂದು ನೋಡಿದ್ದ ಕಣ್ಣು ಅದರ ತಳದ ಕೆಂಪು ಬಣ್ಣವನ್ನು ನೋಡಿರಲಿಲ್ಲ. ಹೊಸ ರೇಡಿಯೇಟರಿಗೆ ಹನ್ನೊಂದು ಸಾವಿರ ಬಿದ್ದಿತು. ತೆಗೆದಿರಿಸಿದ್ದ ಹಣವನ್ನು ಖರ್ಚು ಅದರಿಂದ ತುಸು ಮೀರಿತು. ಮೇಸ್ತ್ರಿ ಕೂಲಿಯನ್ನು ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಕೈ ತೊಳೆಯುವ ನೆಪದಲ್ಲಿ ಬಾವಿಯ ಕಡೆಗೆ ಹೋಗಿ ಬಹಳ ಹೊತ್ತು ನಿಂತರು.

ಈಗ ಎರಡು ಮಳೆಗಾಲ ಕಳೆದಿವೆ. ಪ್ರತಿ ತಿಂಗಳ ಮೊದಲ ಭಾನುವಾರ ಮೇಷ್ಟರು ತೋಟದ ಕೆಸರಿನಲ್ಲಿ ನಾಲ್ಕು ಚಕ್ರಗಳ ಸನ್ನೆ ಹಾಕಿ ಅರ್ಧ ಫರ್ಲಾಂಗು ಓಡಿಸುತ್ತಾರೆ, ಬೇಕಿರಲಿ ಬೇಡದಿರಲಿ. ಹಿಂಬಾಗಿಲಿನ ನೆಗ್ಗು ಹಾಗೆಯೇ ಇದೆ. ಎ.ಸಿ.ಯನ್ನು ಯಾರೂ ರಿಪೇರಿ ಮಾಡಿಸಿಲ್ಲ. ಘಾಟಿ ಬಂದೊಡನೆ ಆಕೆ ಕಿಟಕಿಯನ್ನು ಅರ್ಧ ಇಳಿಸಿಕೊಳ್ಳುತ್ತಾರೆ.